ಮನೆ ನೋಡುವ ಮೊದಲು ನಾಲಾ ನೋಡಿ

ನಮ್ಮ ಮನೆಗಳಲ್ಲಿ ಬಾಡಿಗೆ ಮನೆ ಹುಡುಕುವಾಗ ಮೊದಲು ಬರುವ ಪ್ರಶ್ನೆ ಒಂದೇ: "ಅಲ್ಲಿ ನಮ್ಮವರು ಇದ್ದಾರಾ?" ಬಾಡಿಗೆ ಎಷ್ಟು, ನೀರು ಬರುತ್ತದೆಯೇ, ದಾರಿ ಹೇಗಿದೆ ಎಂಬುದೆಲ್ಲ ಆಮೇಲೆ. ಈ ಪ್ರಶ್ನೆಗೆ "ಹೌದು" ಎಂಬ ಉತ್ತರ ಸಿಕ್ಕರೆ ಅರ್ಧ ಮಾತುಕತೆ ಮುಗಿದಂತೆ. ತರಗತಿಯಲ್ಲಿ ಗೆಳತಿಯರನ್ನು ವಿಚಾರಿಸಿದೆ. ಬೇರೆ ಸಮಾಜದವರ ಮನೆಗಳಲ್ಲೂ ಇದೇ ಪ್ರಶ್ನೆಯಂತೆ, "ನಮ್ಮವರು" ಎಂಬ ಪದದ ಅರ್ಥ ಮಾತ್ರ ಬೇರೆ. ಈ ಪ್ರಶ್ನೆ ತಪ್ಪು ಎಂದು ನಾನು ಹೇಳುವುದಿಲ್ಲ. ಇದೊಂದನ್ನೇ ಕೇಳಿ ಸುಮ್ಮನಾಗುವುದು ತಪ್ಪು ಎನ್ನುತ್ತೇನೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

2019ರಲ್ಲಿ ನಾವು ಶಹಾಬಾದಿನಲ್ಲಿ ಒಂದು ಗಲ್ಲಿ ಬಿಟ್ಟು ಇನ್ನೊಂದು ಗಲ್ಲಿಗೆ ಹೋದೆವು. ಹೊಸ ಮನೆಯ ಎಡಕ್ಕೆ ಚಾಚಾ, ಬಲಕ್ಕೆ ಅಮ್ಮಿಯ ಕಡೆಯ ನೆಂಟರು. ಇದಕ್ಕಿಂತ ಸುರಕ್ಷಿತ ಜಾಗ ಇನ್ನೇನಿದೆ ಎಂದು ಎಲ್ಲರೂ ಖುಷಿಪಟ್ಟರು. ಗಲ್ಲಿ ಇಳಿಜಾರಿನಲ್ಲಿದೆ, ಅದರ ಕೊನೆಯಲ್ಲಿ ನಾಲಾ ಇದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರು ವರ್ಷ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ತುಂಬ ಸುರಿದ ಮಳೆ ನಿಮಗೆಲ್ಲ ನೆನಪಿರಬಹುದು. ಒಂದು ರಾತ್ರಿ ನಾಲಾದ ನೀರು ಹೊಸ್ತಿಲು ದಾಟಿ ಒಳಗೆ ಬಂತು. ಬೆಳಗಾಗುವಷ್ಟರಲ್ಲಿ ಮಂಚದ ಮಟ್ಟಕ್ಕೆ ಏರಿತ್ತು. ದಾದಿಯನ್ನು ಚಾಚಾ ಬೆನ್ನ ಮೇಲೆ ಹೊತ್ತು ಮೇಲಿನ ರಸ್ತೆಗೆ ಮುಟ್ಟಿಸಿದರು. ಅದನ್ನು ನಾನು ಮರೆಯುವುದಿಲ್ಲ. ಆದರೆ ಚಾಚಾನ ಮನೆಯೊಳಗೂ ಅಷ್ಟೇ ನೀರಿತ್ತು. ಅವರ ಅಕ್ಕಿ ಜೋಳವೂ ನಮ್ಮದರಂತೆ ನೆನೆದುಹೋಯಿತು. ನಮ್ಮವರು ನಮ್ಮ ಜೊತೆಗಿದ್ದರು ನಿಜ, ಎಲ್ಲರೂ ಸೇರಿ ಒಂದೇ ನೀರಿನಲ್ಲಿ ನಿಂತಿದ್ದೆವು. ಒಣ ಬಟ್ಟೆ, ಬಿಸಿ ಚಹಾ ಕೊಟ್ಟವರು ಮೇಲಿನ ರಸ್ತೆಯವರು. ಅವರ ಪರಿಚಯವೇ ನಮಗಿರಲಿಲ್ಲ.

ಹೋದ ವರ್ಷ ಅಬ್ಬಾನ ಕೆಲಸ ಸೇಡಂಗೆ ಬದಲಾಯಿತು. ಮತ್ತೆ ಮನೆ ಹುಡುಕಾಟ ಶುರು. ಒಂದು ಮನೆ ಫೋನಿನಲ್ಲಿ ಎಲ್ಲ ಮಾತಾಗಿತ್ತು. ಅಬ್ಬಾ ಹೆಸರು ಹೇಳುವವರೆಗೂ ಅದು ಖಾಲಿ ಇತ್ತು, ಹೇಳಿದ ಮೇಲೆ "ನಿನ್ನೆಯೇ ಬೇರೆಯವರಿಗೆ ಕೊಟ್ಟುಬಿಟ್ಟೀವ್ರಿ" ಎಂದಾಯಿತು. ಎರಡು ವಾರ ಕಳೆದರೂ ಆ ಮನೆಯ ಮುಂದೆ ಬಾಡಿಗೆ ಬೋರ್ಡು ತೂಗುತ್ತಿತ್ತು. ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ ಎಂದು ನಾವು ಹೈಸ್ಕೂಲಿನಲ್ಲಿ ಓದಿದ್ದೇವೆ. ಆದರೆ ಕೀಲಿ ಮಾಲೀಕರ ಕೈಯಲ್ಲಿರುತ್ತದೆ. ಅಂದು ನನಗೆ ತುಂಬ ಸಿಟ್ಟು ಬಂದಿತ್ತು. ರಾತ್ರಿ ಯೋಚಿಸಿದಾಗ ಇನ್ನೊಂದೂ ಹೊಳೆಯಿತು. "ಅಲ್ಲಿ ಯಾರಿದ್ದಾರೆ" ಎಂದು ನಾವು ಕೇಳುತ್ತೇವೆ, "ಬರುವವರು ಯಾರು" ಎಂದು ಅವರು ಕೇಳುತ್ತಾರೆ. ಎರಡರ ಬೇರೂ ಹೆದರಿಕೆಯೇ. ಅಬ್ಬಾ ಹೇಳುವಂತೆ ಕೆಟ್ಟ ದಿನಗಳಲ್ಲಿ ಬಾಗಿಲು ತೆರೆಯುವವರು ನಮ್ಮವರೇ ಎಂಬ ಮಾತಿನಲ್ಲಿ ಸತ್ಯವಿದೆ. ನಮ್ಮ ಹಿರಿಯರು ಕಂಡದ್ದನ್ನು ನಾನು ಕಂಡಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ಪಟ್ಟಿಯಿಂದ ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಅದು ಪಟ್ಟಿಯಲ್ಲಿ ಒಂದು ಸಾಲಾಗಿರಲಿ, ಇಡೀ ಪಟ್ಟಿಯೇ ಆಗುವುದು ಬೇಡ.

ಹಾಗಾದರೆ ಉಳಿದ ಸಾಲುಗಳು ಯಾವುವು? ಅದನ್ನು ಹೇಳಬೇಕಾದದ್ದು ಆಯಾ ಊರು. ನಮ್ಮ ಕಾಲೇಜಿಗೆ ಬರುವವರ ಊರುಗಳನ್ನೇ ನೋಡಿ. ವಾಡಿಯಲ್ಲಿ ಸೋಲಾಪುರ, ರಾಯಚೂರು, ಸಿಕಂದರಾಬಾದ್ ಕಡೆಯ ಹಳಿಗಳು ಕೂಡುತ್ತವೆ. ಅಲ್ಲಿ ಮನೆ ಹಿಡಿಯುವವರು ಶಾಲೆ, ಅಂಗಡಿ, ಆಸ್ಪತ್ರೆ ಹಳಿಯ ಈ ಕಡೆಯೋ ಆ ಕಡೆಯೋ ಎಂದು ಮೊದಲು ನೋಡಬೇಕು. ಆ ಕಡೆ ಇದ್ದರೆ ಮಕ್ಕಳು ದಿನಾ ಹಳಿ ದಾಟುತ್ತಾರೆ. ಅದು ಅಪಾಯವಷ್ಟೇ ಅಲ್ಲ, ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಶಹಾಬಾದಿನ ಫರಸಿ ಕಲ್ಲು ಊರಿಗೆ ಹೆಸರು ತಂದಿದೆ. ಅದನ್ನು ತೆಗೆದ ಗಣಿಯ ಹೊಂಡಗಳಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ, ಸುತ್ತ ಬೇಲಿ ಇರುವುದು ಕಡಿಮೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹತ್ತಿರದ ಹೊಂಡ ಎಷ್ಟು ದೂರ ಎಂಬುದು ಕಳ್ಳರ ಭಯಕ್ಕಿಂತ ದೊಡ್ಡ ಪ್ರಶ್ನೆ.

ಚಿತ್ತಾಪುರ, ಸೇಡಂ ಕಡೆ ಕಾಗಿಣಾ ನದಿ ಇದೆ. ಅದು ಉಕ್ಕಿದಾಗ ದಂಡೋತಿ ಸೇತುವೆಯೂ ಮಳಖೇಡದ ಸೇತುವೆಯೂ ಮುಳುಗಿ ಕಲಬುರಗಿಯ ದಾರಿ ಬಂದ್ ಆಗುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೇ ನೀರಿನ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಹೆರಿಗೆಯ ದಿನ ಹತ್ತಿರವಿರುವವರು, ಡಯಾಲಿಸಿಸ್‌ಗೆ ಹೋಗುವವರು ಮನೆಯಲ್ಲಿದ್ದರೆ ಸೇತುವೆ ಮುಳುಗಿದಾಗ ಇನ್ನೊಂದು ದಾರಿ ಯಾವುದು ಎಂದು ಕೇಳಿಯೇ ಮನೆ ಹಿಡಿಯಬೇಕು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಕಥೆ ಬೇರೆ. ಅಲ್ಲಿ 2021ರ ಅಕ್ಟೋಬರಿನಲ್ಲಿ ಭೂಮಿ ಮೇಲಿಂದ ಮೇಲೆ ನಡುಗಿತು, 11ರ ರಾತ್ರಿಯ ಕಂಪನ 4.1 ತೀವ್ರತೆಯದ್ದು. ಜನ ಒಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆದರು, ಕೆಲವರು ಊರನ್ನೇ ಬಿಟ್ಟು ನೆಂಟರ ಕಡೆ ಹೋದರು. 1993ರ ಸೆಪ್ಟೆಂಬರ್ 30ರಂದು ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತದ್ದು ಕಲ್ಲು ಮಣ್ಣಿನ ಭಾರದ ಮನೆಗಳು ಮೈಮೇಲೆ ಬಿದ್ದು. ನಮ್ಮ ಭಾಗದ ಹಳೆಯ ಮನೆಗಳೂ ಅದೇ ಬಗೆಯವು. ಗೋಡೆ ಬಿರುಕು ಬಿಟ್ಟಿದೆಯೇ, ಮೇಲಿನ ಕಲ್ಲು ಯಾವುದರ ಆಧಾರದ ಮೇಲೆ ನಿಂತಿದೆ ಎಂದು ತಲೆಯೆತ್ತಿ ನೋಡಲು ಹಣ ಬೇಕಿಲ್ಲ.

ಅಕೌಂಟೆನ್ಸಿಯಲ್ಲಿ ಸಂಭಾವ್ಯ ಹೊಣೆ ಎಂದು ಕಲಿಯುತ್ತೇವೆ. ಅದು ಇಂದಿನ ಸಾಲ ಅಲ್ಲ, ಮುಂದೊಂದು ಘಟನೆ ನಡೆದರೆ ಮಾತ್ರ ತಲೆಮೇಲೆ ಬರುವ ಹೊಣೆ. ಅದನ್ನು ಬ್ಯಾಲೆನ್ಸ್ ಶೀಟಿನ ಒಳಗೆ ಸೇರಿಸುವುದಿಲ್ಲ, ಕೆಳಗೆ ಟಿಪ್ಪಣಿಯಲ್ಲಿ ಬರೆಯುತ್ತಾರೆ. ಮನೆ ತೋರಿಸುವ ದಲ್ಲಾಳಿ ಆ ಟಿಪ್ಪಣಿಯನ್ನು ಓದಿ ಹೇಳುವುದಿಲ್ಲ. ನಾವೇ ಓದಬೇಕು.

ಓದುವುದು ಹೇಗೆ? ಒಂದೇ ಮನೆಯನ್ನು ಮೂರು ಹೊತ್ತು ನೋಡಿ: ಬೆಳಿಗ್ಗೆ ನೀರು ಬರುವ ಹೊತ್ತಿಗೆ, ಮಗ್ರಿಬ್ ಆದ ಮೇಲೆ ಒಮ್ಮೆ, ಸಾಧ್ಯವಾದರೆ ಮಳೆ ಬಂದ ಮರುದಿನ. ಗೋಡೆಯ ಮೇಲೆ ಹಳೆಯ ನೀರಿನ ಗೆರೆ ಕಂಡರೆ ಅದು ಯಾವ ಮಾಲೀಕರಿಗಿಂತಲೂ ಪ್ರಾಮಾಣಿಕ ಸಾಕ್ಷಿ. ಕೊಡ ಹಿಡಿದು ನಿಂತ ಹೆಂಗಸರನ್ನು, ಹಾಲಿನವರನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರಿಗೆ ಕಮಿಷನ್ ಇಲ್ಲ. 108ರ ಆಂಬುಲೆನ್ಸ್ ಗಲ್ಲಿಯೊಳಗೆ ತಿರುಗಬಲ್ಲದೇ, 112ಕ್ಕೆ ಫೋನ್ ಮಾಡಿದರೆ ಮನೆಯ ಗುರುತು ಒಂದೇ ಮಾತಿನಲ್ಲಿ ಹೇಳಬಹುದೇ ನೋಡಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ವೆಬ್‌ಸೈಟಿನಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ, ಅವನ್ನೂ ನೋಡಬಹುದು. ಆದರೆ ದೂರು ಹೆಚ್ಚಿರುವ ಕಡೆ ಅಪರಾಧ ಹೆಚ್ಚು ಎಂದು ತಕ್ಷಣ ಹೇಳಬೇಡಿ. ಧೈರ್ಯವಾಗಿ ಠಾಣೆಗೆ ಹೋಗುವ ಜನ ಅಲ್ಲಿ ಹೆಚ್ಚಿರಬಹುದು. ಸದ್ದಿಲ್ಲದ ಮೊಹಲ್ಲಾ ಎಲ್ಲವೂ ನೆಮ್ಮದಿಯ ಮೊಹಲ್ಲಾ ಆಗಿರುವುದಿಲ್ಲ.

ಹುಡುಗಿಯಾಗಿ ನಾನು ಒಂದು ಮಾತು ಸೇರಿಸಲೇಬೇಕು. ನಮ್ಮ ವಿಷಯ ಬಂದಾಗ ದೊಡ್ಡವರು ಸುರಕ್ಷಿತ ಜಾಗ ಎನ್ನುವುದು ಬಾಗಿಲು ಗಟ್ಟಿಯಿರುವ, ಹೊರಗೆ ಹೋಗುವ ಅಗತ್ಯವೇ ಬೀಳದ ಮನೆಗೆ. ಅಂಥ ಮನೆಯಲ್ಲಿ ಸುರಕ್ಷಿತವಾಗಿ ಉಳಿಯುವುದು ಬೀಗ ಒಂದೇ. ನನ್ನ ಅಳತೆ ಹೀಗಿದೆ: ಸಂಜೆ ಏಳು ಗಂಟೆಗೆ ಟ್ಯೂಷನ್ ಮುಗಿಸಿ ನಾನು ಒಬ್ಬಳೇ ನಡೆದು ಬರಬಹುದೇ? ದಾರಿಯಲ್ಲಿ ದೀಪ ಉರಿಯುತ್ತದೆಯೇ, ಒಂದೆರಡು ಅಂಗಡಿ ತೆರೆದಿರುತ್ತವೆಯೇ, ಹೆಂಗಸರು ಹೊರಗೆ ಕೂತಿರುತ್ತಾರೆಯೇ? ಹೌದಾದರೆ ಅದು ಸುರಕ್ಷಿತ ಜಾಗ. ಇಲ್ಲವಾದರೆ ಮೊದಲು ನಿಲ್ಲುವುದು ಕಳ್ಳತನವಲ್ಲ, ನಮ್ಮ ಓದು.

ನೆರೆಯವರ ಬಗ್ಗೆ ನಮ್ಮ ಧರ್ಮ ಹೇಳುವುದನ್ನೂ ನೆನೆಯೋಣ. ಯಾರ ಕಿರುಕುಳದಿಂದ ನೆರೆಯವರಿಗೆ ನೆಮ್ಮದಿ ಇಲ್ಲವೋ ಅವರ ಈಮಾನ್ ಪೂರ್ಣವಲ್ಲ ಎಂಬ ಅರ್ಥದ ಹದೀಸ್ ನಾವೆಲ್ಲ ಕೇಳಿದ್ದೇವೆ. ಅಲ್ಲಿ ನೆರೆಯವರ ಜಾತಿ ಧರ್ಮದ ಮಾತಿಲ್ಲ. ಈ ಮೊಹಲ್ಲಾ ನನಗೆ ಸುರಕ್ಷಿತವೇ ಎಂದು ಕೇಳುವವರು ನಾನು ಈ ಮೊಹಲ್ಲಾಕ್ಕೆ ಹೇಗಿರುತ್ತೇನೆ ಎಂದೂ ಕೇಳಿಕೊಳ್ಳಬೇಕು. ಕಸ ನಾಲಾಕ್ಕೆ ಸುರಿಯುವವರು ನಾವೇ ಆದರೆ ಮಳೆಯನ್ನು ಬೈದು ಏನು ಫಲ?

ಈಗ ನಾವು ಸೇಡಂನಲ್ಲಿ ಎತ್ತರದ ಜಾಗದ ಒಂದು ಮನೆಯಲ್ಲಿದ್ದೇವೆ. ಪಕ್ಕದ ಮನೆಯವರು ಮೊದಲ ದಿನವೇ ಎರಡು ಕೊಡ ನೀರು ಕೊಟ್ಟರು. ಎದುರಿನವರು ಇನ್ನೂ ನಮ್ಮೊಡನೆ ಮಾತಾಡಿಲ್ಲ. ನಾನು ಟ್ಯೂಷನ್‌ನಿಂದ ನಡೆದೇ ಬರುತ್ತೇನೆ. ಮನೆ ನೋಡಿದ್ದು ಮಳೆಗಾಲದಲ್ಲಿ, ನೀರಿನ ಪರೀಕ್ಷೆಯಲ್ಲಿ ಅದು ಪಾಸಾಗಿತ್ತು. ಆದರೆ ಸಿಮೆಂಟಿನ ಧೂಳು ಮಳೆಯಲ್ಲಿ ಕಾಣುವುದಿಲ್ಲ ಎಂಬುದನ್ನು ಮರೆತಿದ್ದೆವು. ಈಗ ಅಮ್ಮಿ ಕಿಟಕಿಯನ್ನು ದಿನಕ್ಕೆ ಎರಡು ಸಲ ಒರೆಸುತ್ತಾರೆ, ಒರೆಸುವಾಗಲೆಲ್ಲ ನನ್ನ ಪಟ್ಟಿಯನ್ನು ನೆನಪಿಸುತ್ತಾರೆ. ದ್ವಿತೀಯ ಪಿಯುಸಿ ಮುಗಿಸಿ ಕಲಬುರಗಿಗೋ ಬೆಂಗಳೂರಿಗೋ ರೂಮು ಹುಡುಕಲು ಹೊರಡುವ ಗೆಳೆಯ ಗೆಳತಿಯರೇ, ಅಲ್ಲಿ ನಮ್ಮವರು ಇದ್ದಾರಾ ಎಂದು ಖಂಡಿತ ಕೇಳಿ. ಕೇಳಿದ ಮೇಲೆ ಕೆಳಗೆ ನಾಲಾ ನೋಡಿ, ಮೇಲೆ ಕಲ್ಲು ನೋಡಿ, ಕಿಟಕಿಯ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ.