ಗಿರಣಿಯ ಗಾಳಿಗೂ ಒಂದು ಅಳತೆ ಬೇಕು

ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕರು ಭತ್ತದ ತೇವಾಂಶವನ್ನು ಅಳೆದೇ ಖರೀದಿಸುತ್ತಾರೆ. ನುಚ್ಚಿನ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ತೌಡಿನ ದರವನ್ನು ದಿನವೂ ವಿಚಾರಿಸುತ್ತಾರೆ. ಆದರೆ ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಹೋಗುವ ಗಾಳಿಯನ್ನು ಅಳೆಯುವವರು ವಿರಳ. ಸೋನಾ ಮಸೂರಿಗೆ ಹೊರ ಊರುಗಳಲ್ಲಿ ಸಿಗುವ ಬೆಲೆ ನಿಂತಿರುವುದು ಕಪ್ಪು ಕಾಳಿಲ್ಲದ ಶುಭ್ರ ಅಕ್ಕಿಯ ಮೇಲೆ. ಆ ಕಪ್ಪು ಕಾಳನ್ನು ಕ್ಯಾಮೆರಾ ಗುರುತಿಸಬಹುದು, ಹೊರಗೆ ತಳ್ಳುವುದು ಮಾತ್ರ ಗಾಳಿಯೇ. ಆದ್ದರಿಂದ ಗಾಳಿಯೂ ಭತ್ತದಂತೆಯೇ ಒಂದು ಕಚ್ಚಾ ಸಾಮಗ್ರಿ ಎಂದು ಪರಿಗಣಿಸುವುದು ಅಗತ್ಯ.

ಈ ಸಾಮಗ್ರಿಯಲ್ಲಿ ಬೆರೆತಿರುವ ಕಲ್ಮಶವೆಷ್ಟು ಎಂಬುದನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. 35 ಡಿಗ್ರಿ ಉಷ್ಣತೆ, ಶೇ. 60ರಷ್ಟು ಆರ್ದ್ರತೆ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. 100 ಸಿ.ಎಫ್.ಎಂ. ಸಾಮರ್ಥ್ಯದ ಕಂಪ್ರೆಸರ್ ಹತ್ತು ಗಂಟೆ ಓಡಿದರೆ ಅದು ಒಳಗೆಳೆದುಕೊಳ್ಳುವ ನೀರು 40 ಲೀಟರ್. 7 ಬಾರ್ ಒತ್ತಡಕ್ಕೆ ಏರಿಸಿ 40 ಡಿಗ್ರಿಗೆ ತಣಿಸಿದಾಗ ಸುಮಾರು 30 ಲೀಟರ್ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಉಳಿದ ಹತ್ತು ಲೀಟರ್ ಆವಿಯಾಗಿ ಪೈಪಿನೊಳಗೆ ಸಾಗಿ, ತಂಪಾದ ಕಡೆ ಹನಿಯಾಗಿ ಇಳಿಯುತ್ತದೆ. ಅದರೊಂದಿಗೆ ಕಂಪ್ರೆಸರಿನ ಎಣ್ಣೆಯ ಮಂಜೂ, ಜಿ.ಐ. ಪೈಪಿನ ತುಕ್ಕೂ ಸೇರುತ್ತವೆ. ಕ್ಷಣಕ್ಕೆ ನೂರಾರು ಬಾರಿ ತೆರೆದು ಮುಚ್ಚುವ ಸಣ್ಣ ಕವಾಟಗಳಿಗೆ ಈ ಮಿಶ್ರಣ ತಲುಪಿದಾಗ ಅವು ತಡವರಿಸುತ್ತವೆ. ಆಗ ಕೆಟ್ಟ ಕಾಳು ಉಳಿಯುತ್ತದೆ, ಒಳ್ಳೆಯ ಕಾಳು ತಿರಸ್ಕೃತ ರಾಶಿಗೆ ಬೀಳುತ್ತದೆ. ದೂಷಣೆ ಮಾತ್ರ ಸಾರ್ಟೆಕ್ಸ್ ಯಂತ್ರದ ಪಾಲಿಗೆ!

ಬಹುಪಾಲು ಗಿರಣಿಗಳಲ್ಲಿ ಗಾಳಿಯ ವ್ಯವಸ್ಥೆ ಯೋಜಿಸಿ ಕಟ್ಟಿದ್ದಲ್ಲ, ಬೆಳೆದು ಬಂದದ್ದು. ಮೊದಲು ಒಂದು ಕಂಪ್ರೆಸರ್, ನಂತರ ಅದಕ್ಕೊಂದು ಡ್ರೈಯರ್, ಎರಡನೆಯ ಸಾರ್ಟೆಕ್ಸ್ ಬಂದಾಗ ಹಳೆಯ ಪೈಪಿಗೆ ಬೆಸುಗೆ ಹಾಕಿದ ಒಂದು ಕವಲು. ಫಿಲ್ಟರ್ ಬದಲಿಸಬೇಕಾದರೆ ಇಡೀ ಸಾಲನ್ನು ನಿಲ್ಲಿಸಬೇಕು. ಸುಗ್ಗಿಯ ಕಾಲದಲ್ಲಿ ನಿಲ್ಲಿಸುವವರು ಯಾರು? ಹೀಗಾಗಿ ಬದಲಿಸುವುದೇ ಇಲ್ಲ. ಇದರ ಮೇಲೆ ರಾಯಚೂರು ಜಿಲ್ಲೆಯ ಬೇಸಿಗೆ. 40 ಡಿಗ್ರಿ ದಾಟುವ ದಿನಗಳಲ್ಲಿ, ಹೊಟ್ಟಿನ ಧೂಳು ಮೆತ್ತಿಕೊಂಡ ಡ್ರೈಯರು ತನ್ನ ಫಲಕದ ಮೇಲೆ ಬರೆದಿರುವಷ್ಟು ಗಾಳಿಯನ್ನು ಒಣಗಿಸಲಾರದು.

ಇದಕ್ಕೆ ಪರಿಹಾರವಿರುವುದು ಬಿಡಿಘಟಕಗಳ ಜೋಡಣೆಯಲ್ಲಿ, ಅಂದರೆ ಮಾಡ್ಯುಲರ್ ವಿನ್ಯಾಸದಲ್ಲಿ. ಈ ವಿಚಾರವನ್ನು ಅತ್ಯಂತ ಕಟ್ಟುನಿಟ್ಟಾಗಿ ಅನುಸರಿಸಿದ್ದು ಕಂಪ್ಯೂಟರ್ ಚಿಪ್ ತಯಾರಿಸುವ ಉದ್ಯಮ. ಅಲ್ಲಿ ಯಂತ್ರಗಳಿಗೆ ಅತಿ ಶುದ್ಧ ಅನಿಲಗಳನ್ನು ಒದಗಿಸಬೇಕು. ಅವುಗಳಲ್ಲಿ ಕೆಲವು ಮಾರಕ ವಿಷ. ಹಿಂದೆ ಕವಾಟ, ಒತ್ತಡ ನಿಯಂತ್ರಕ, ಫಿಲ್ಟರ್, ಹರಿವಿನ ಮಾಪಕ ಎಲ್ಲವನ್ನೂ ಕೊಳವೆಗಳಿಂದ ಬೆಸೆದು ಒಂದೇ ಸರಣಿ ಮಾಡಲಾಗುತ್ತಿತ್ತು. ಒಂದು ಕೆಟ್ಟರೆ ಸರಣಿಯನ್ನೇ ಕತ್ತರಿಸಬೇಕಿತ್ತು. 1990ರ ದಶಕದ ಕೊನೆಯ ಹೊತ್ತಿಗೆ ಆ ಉದ್ಯಮ ಬೇರೆ ದಾರಿ ಹಿಡಿಯಿತು. ಪ್ರತಿಯೊಂದು ಭಾಗಕ್ಕೂ ಒಂದೇ ಅಳತೆಯ ಚೌಕಾಕಾರದ ತಳ, ಮೊದಲು ಒಂದೂವರೆ ಇಂಚು, ಬಳಿಕ ಇನ್ನೂ ಚಿಕ್ಕದು. ಮೇಲಿನಿಂದ ನಾಲ್ಕು ಬೋಲ್ಟ್ ಬಿಚ್ಚಿದರೆ ಆ ಭಾಗವಷ್ಟೇ ಹೊರಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಬೇರೆ ಬೇರೆ ಕಂಪನಿಗಳ ಭಾಗಗಳು ಅದೇ ತಳದ ಮೇಲೆ ಕೂರುವಂತೆ ಅಳತೆಯನ್ನು ಉದ್ಯಮವೇ ಒಟ್ಟಾಗಿ ನಿಗದಿಪಡಿಸಿಕೊಂಡಿತು.

ಗಿರಣಿಗೆ ಆ ಮಟ್ಟದ ಶುದ್ಧತೆ ಬೇಕಿಲ್ಲ, ಆ ವೆಚ್ಚವಂತೂ ಬೇಡವೇ ಬೇಡ. ಬೇಕಾದುದು ಆ ಕ್ರಮ. ಈ ಸೀಮೆಗೆ ಅದು ತೀರ ಹೊಸತೂ ಅಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯಲು ಗಾಳಿಯ ಯಂತ್ರಗಳು ಬಳಕೆಗೆ ಬಂದು ಬಹುಕಾಲವಾಯಿತು. ಗಣಿಯ ಸುರಂಗ ಮುಂದುವರಿದಂತೆ ಗಾಳಿಯ ಕೊಳವೆಯೂ ತುಂಡು ತುಂಡಾಗಿ ಜೋಡಿಸಿಕೊಂಡು ಮುಂದುವರಿಯಬೇಕು. ಒಂದೇ ಅಳತೆಯ ತುಂಡುಗಳಿಲ್ಲದೆ ಅದು ಸಾಧ್ಯವಿಲ್ಲ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡವನೂ ಚಿನ್ನದ ಗಣಿಯ ಎಂಜಿನಿಯರನೇ ಎಂಬುದನ್ನು ಇಲ್ಲಿ ಸುಮ್ಮನೆ ನೆನೆಯಬಹುದು.

ಗಿರಣಿಯಲ್ಲಿ ಈ ಕ್ರಮ ಹೀಗಿರಬಹುದು. 50 ಎಚ್.ಪಿ.ಯ ಒಂದೇ ಕಂಪ್ರೆಸರಿನ ಬದಲು 25ರ ಎರಡು. ಎರಡಕ್ಕೂ ಪ್ರತ್ಯೇಕ ಡ್ರೈಯರ್. ಫಿಲ್ಟರುಗಳು ಜೋಡಿಯಾಗಿದ್ದು, ನಡುವೆ ಕವಾಟವಿದ್ದು, ಒಂದನ್ನು ಬಿಚ್ಚಿದಾಗ ಗಾಳಿ ಇನ್ನೊಂದರಲ್ಲಿ ಹರಿಯಬೇಕು. ಮುಖ್ಯ ಕೊಳವೆ ಶೆಡ್ಡಿನ ಸುತ್ತ ಉಂಗುರದಂತಿದ್ದು, ಪ್ರತಿ ಕವಲನ್ನೂ ಅದರ ಮೇಲ್ಭಾಗದಿಂದ ಇಳಿಸಬೇಕು. ಕೆಳಭಾಗದಿಂದ ತೆಗೆದರೆ ಗಾಳಿಗಿಂತ ಮುಂಚೆ ನೀರೇ ಯಂತ್ರವನ್ನು ಸೇರುತ್ತದೆ.

ತುಂಗಭದ್ರೆಯನ್ನು ನಂಬಿದ ಉದ್ಯಮಕ್ಕೆ ಇದರಿಂದ ಇನ್ನೊಂದು ಅನುಕೂಲವುಂಟು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯ ಕೊನೆಯವರೆಗೂ ಎದೆ ನಡುಗಿದ್ದನ್ನು ಯಾವ ವ್ಯಾಪಾರಿಯೂ ಮರೆತಿರಲಾರ. ನೀರು ಕೊರತೆಯಾದ ವರ್ಷ ಎರಡನೆಯ ಬೆಳೆ ಇಲ್ಲ, ಗಿರಣಿ ಅರ್ಧ ಸಾಮರ್ಥ್ಯದಲ್ಲಿ ಓಡುತ್ತದೆ. ದೊಡ್ಡ ಕಂಪ್ರೆಸರೊಂದೇ ಇದ್ದರೆ ಅರ್ಧ ಕೆಲಸಕ್ಕೂ ಅದನ್ನೇ ಓಡಿಸಬೇಕು. ಲೋಡ್ ಇಲ್ಲದೆ ತಿರುಗುವಾಗಲೂ ಅದು ವಿದ್ಯುತ್ ತಿನ್ನುತ್ತದೆ. ಎರಡಿದ್ದರೆ ಒಂದು ವಿಶ್ರಮಿಸಬಹುದು. ಹಂಗಾಮಿನ ನಟ್ಟನಡುವೆ ಒಂದು ಕೆಟ್ಟು, ಬಳ್ಳಾರಿಯಿಂದಲೋ ಹುಬ್ಬಳ್ಳಿಯಿಂದಲೋ ಮೆಕ್ಯಾನಿಕ್ ಬರುವವರೆಗೂ ಗಿರಣಿ ಪೂರ್ಣ ನಿಲ್ಲಬೇಕಾಗಿಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಎರಡು ಚಿಕ್ಕ ಯಂತ್ರಗಳ ಬೆಲೆ ಒಂದು ದೊಡ್ಡ ಯಂತ್ರಕ್ಕಿಂತ ಹೆಚ್ಚು. ಕೀಲುಗಳು ಹೆಚ್ಚಾದಷ್ಟೂ ಸೋರಿಕೆಗೆ ಎಡೆ ಹೆಚ್ಚು, ಬೆಸುಗೆಯೇ ಭದ್ರ ಎನ್ನುವ ಹಳೆಯ ಫಿಟ್ಟರುಗಳ ಮಾತನ್ನು ತಳ್ಳಿಹಾಕುವಂತಿಲ್ಲ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ರಂಧ್ರವೊಂದು ಸುಮಾರು ಮೂರೂವರೆ ಕಿಲೋವಾಟ್ ನುಂಗುತ್ತದೆ. ದಿನಕ್ಕೆ 12 ಗಂಟೆಯಂತೆ 300 ದಿನಕ್ಕೆ 12,600 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 88,200 ರೂಪಾಯಿ. ಆದರೆ ಈ ಲೆಕ್ಕ ಹಳೆಯ ಬೆಸುಗೆಯ ಸಾಲುಗಳಿಗೂ ಅನ್ವಯಿಸುತ್ತದೆ. ಅಲ್ಲಿನ ಸೋರಿಕೆಯನ್ನು ಸರಿಪಡಿಸಲು ಸಾಲನ್ನೇ ನಿಲ್ಲಿಸಬೇಕಾದ್ದರಿಂದ ಅದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಭಾನುವಾರ ಗಿರಣಿ ನಿಂತಾಗ ಕಂಪ್ರೆಸರನ್ನು ಮಾತ್ರ ಓಡಿಸಿ, ಅದು ಎಷ್ಟು ಬಾರಿ ಲೋಡ್ ತೆಗೆದುಕೊಳ್ಳುತ್ತದೆ ಎಂದು ಗಡಿಯಾರ ಹಿಡಿದು ನೋಡಿದರೆ ಯಾವ ಮಾಲೀಕರಿಗೂ ತಮ್ಮ ಸೋರಿಕೆ ತಿಳಿಯುತ್ತದೆ. ಇದಕ್ಕೆ ಖರ್ಚಿಲ್ಲ.

ನಿಜವಾದ ತೊಡಕು ಹಣದ್ದಲ್ಲ, ಒಗ್ಗಟ್ಟಿನದು. ಒಬ್ಬರು ಬಿ.ಎಸ್.ಪಿ. ತ್ರೆಡ್ಡಿನ ಫಿಲ್ಟರ್ ಹಾಕಿಸಿ, ಪಕ್ಕದವರು ಎನ್.ಪಿ.ಟಿ. ತ್ರೆಡ್ಡಿನದು ಹಾಕಿಸಿದರೆ ಕಷ್ಟಕಾಲದಲ್ಲಿ ಒಬ್ಬರ ವಸ್ತು ಇನ್ನೊಬ್ಬರಿಗೆ ಒದಗದು. ಮಾರಾಟಗಾರರು ತಮ್ಮದೇ ಅಳತೆಯ ಫಿಲ್ಟರ್ ಎಲಿಮೆಂಟುಗಳನ್ನು ಮಾರಲು ಬಯಸುವುದು ಸಹಜ, ಅದಕ್ಕೆ ಮಣಿಯುವುದು ಗಿರಾಕಿಯ ಕರ್ತವ್ಯವಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿವೆ. ಈ ಮೂರು ಊರುಗಳ ಗಿರಣಿಗಳೂ, ಒಣ ಗಾಳಿಯಿಲ್ಲದೆ ಬಣ್ಣ ಹಿಡಿಯದ ಟ್ರ್ಯಾಲಿ ತಯಾರಕರೂ ಒಂದು ತ್ರೆಡ್, ಎರಡು ಕೊಳವೆ ಗಾತ್ರ, ಎರಡು ಫಿಲ್ಟರ್ ಗಾತ್ರಗಳನ್ನು ಒಪ್ಪಿಕೊಂಡರೆ ಸಾಕು. ಸಿಂಧನೂರಿನಲ್ಲಿ ಸಂಘದ ಹೆಸರಿನಲ್ಲಿ ಒಂದು ಡ್ರೈಯರ್, ನಾಲ್ಕಾರು ಫಿಲ್ಟರ್, ಒಂದಿಷ್ಟು ಕವಾಟಗಳನ್ನು ದಾಸ್ತಾನಿಟ್ಟು, ಬಳಸಿದವರು ತಿಂಗಳೊಳಗೆ ಹೊಸದನ್ನು ತಂದಿಡುವ ನಿಯಮ ಮಾಡಬಹುದು. ಮುಂಗಾರಿನ ಭತ್ತ ಮಾರುಕಟ್ಟೆಗೆ ಬರುವ ಮುನ್ನ ಕರೆಯುವ ಸಭೆಯಲ್ಲಿ ಹಮಾಲಿ ದರದ ಜೊತೆಗೆ ತ್ರೆಡ್ಡಿನ ವಿಷಯವನ್ನೂ ಕಾರ್ಯಸೂಚಿಗೆ ಸೇರಿಸಲು ಅರ್ಧ ಗಂಟೆ ಹೆಚ್ಚು ಹಿಡಿದೀತು.