ಜುಹೂಗೊಂದು ಜಿಪ್ಸಿ ಮಾತ್
ಎರಡು ಮಹಾಯುದ್ಧಗಳ ನಡುವಿನ ಜರ್ಮನ್ ಬೈಪ್ಲೇನ್‌ಗಳನ್ನೂ ಫ್ಲೈಟ್ ಸಿಮ್ಯುಲೇಟರಿಗೆ ಅಕ್ಕರೆಯಿಂದ ಸೇರಿಸುವ ಹವ್ಯಾಸಿಗಳಿದ್ದಾರೆ. ಅದರಲ್ಲಿ ನನಗೆ ಬೇಕಿರುವುದು ಮುಂಬೈನ ನಮ್ಮ ಜುಹೂ ವಿಮಾನ ನಿಲ್ದಾಣ ಮತ್ತು ಜಿಪ್ಸಿ ಮಾತ್ ಎಂಬ ಬೈಪ್ಲೇನ್. 1930ರಲ್ಲಿ, ಭಾರತ–ಇಂಗ್ಲೆಂಡ್ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆಂದು ಇಟ್ಟಿದ್ದ ಆಗಾ ಖಾನ್ ಬಹುಮಾನಕ್ಕಾಗಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ, ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ ಹಾರಿದ್ದು ಇದರಲ್ಲೇ. ಈಜಿಪ್ಟಿನಲ್ಲಿ ಸಿಲುಕಿದ್ದ ಆಸ್ಪಿಗೆ ಟಾಟಾ ಸ್ಪಾರ್ಕ್ ಪ್ಲಗ್ ಕೊಟ್ಟರು; ಬಹುಮಾನ ಆಸ್ಪಿಗೇ ಹೋಯಿತು. ಎಂಥ ದೊಡ್ಡತನ! ಈ ವಿಮಾನವನ್ನು ಸಿಮ್ಯುಲೇಟರಿನಲ್ಲಿ ಕಟ್ಟುವವರು ಬರೀ ಬಣ್ಣ ಬಳಿದರೆ ಸಾಲದು. ಸುಮಾರು 100 ಅಶ್ವಶಕ್ತಿಯ ಇಂಜಿನ್, ತೆರೆದ ಕಾಕ್‌ಪಿಟ್, ಮುಖಕ್ಕೆ ರಾಚುವ ಗಾಳಿ, ಬಾಲದಡಿ ಚಕ್ರದ ಬದಲು ನೆಲ ಕೆರೆಯುವ ಸ್ಕಿಡ್, ಮಳೆಗಾಲದಲ್ಲಿ ನೀರು ನಿಲ್ಲುತ್ತಿದ್ದ ಜುಹೂ ನೆಲ, ಎಲ್ಲವೂ ಬೇಕು. 1932ರ ಟಾಟಾ ಅಂಚೆ ವಿಮಾನ ಒಂಟಿರೆಕ್ಕೆಯ ಪುಸ್ ಮಾತ್. ಆದರೂ ಅದರ ಮುಂಬೈ–ಬಳ್ಳಾರಿ–ಮದ್ರಾಸ್ ದಾರಿಯಲ್ಲಿ ಜಿಪ್ಸಿಯನ್ನು ಹಾರಿಸಿ, ಬಳ್ಳಾರಿ ಗುಡ್ಡದ ಗುರುತು ಹಿಡಿದು ಇಳಿಯುವ ಖುಷಿ ಕನ್ನಡದ ಮಕ್ಕಳಿಗೆ ಸಿಗಬೇಕು.