ಬ್ರೆಡ್ಡು ಅದೇ, ಯಜಮಾನ ಯಾರು? (ಭಾಗ 3)

ಜಯನಗರ 4ನೇ ಬ್ಲಾಕ್, ಬೆಳಿಗ್ಗೆ ಆರೂವರೆ. ಅಂಗಡಿ ಮುಂದೆ ಹಾಲಿನ ಕ್ರೇಟು, ಪಕ್ಕದಲ್ಲಿ ಮಾಡರ್ನ್ ಬ್ರೆಡ್.

1965ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕಂಪನಿ ಇದು. 2000ದಲ್ಲಿ ಶೇ. 74 ಪಾಲು ಸುಮಾರು 105 ಕೋಟಿಗೆ ಹಿಂದೂಸ್ತಾನ್ ಲೀವರ್ ಪಾಲಾಯ್ತು, ಅಂದ್ರೆ ಯೂನಿಲಿವರ್. 2016ರಲ್ಲಿ ಎವರ್‌ಸ್ಟೋನ್. 2021ರಲ್ಲಿ ಮೆಕ್ಸಿಕೋದ ಬಿಂಬೋ. ಇಪ್ಪತ್ತೊಂದು ವರ್ಷ, ಮೂರು ಯಜಮಾನರು!

"ಸರ್ಕಾರಕ್ಕೆ ಬ್ರೆಡ್ ಮಾರೋ ಕೆಲಸ ಯಾಕ್ರೀ?" ಅಂತೀರಿ. ಸರಿ, ಒಪ್ಪಿದೆ. ಆದ್ರೆ ವಿದೇಶಿ ಬಂಡವಾಳ ಬಂದ ಕೂಡ್ಲೇ ಎಲ್ಲಾ ನೆಟ್ಟಗಾಗುತ್ತೆ ಅನ್ನೋದನ್ನ ಒಪ್ಪಲ್ಲ. ಯೂನಿಲಿವರ್‌ನಂಥ ದೈತ್ಯ ಕಂಪನಿಯೇ ಹದಿನಾರು ವರ್ಷ ಇಟ್ಕೊಂಡು ಕೈಬಿಡ್ತು. ಹಾಗಾದ್ರೆ ರೋಗ ಬರೀ 'ಸರ್ಕಾರಿ ಸೋಮಾರಿತನ' ಆಗಿರ್ಲಿಲ್ಲ ಅಲ್ವಾ?

ಬ್ರೆಡ್ಡು ನಾಲ್ಕು ದಿನದ ಮಾಲು. ಲಾಭ ಕಮ್ಮಿ, ಬೆಳಗಾಗೋದ್ರೊಳಗೆ ಅಂಗಡಿ ಸೇರಬೇಕು. ಅದನ್ನ ನಡೆಸೋದು ಓವನ್ ಮುಂದೆ ನಿಂತವನು, ವ್ಯಾನ್ ಓಡಿಸೋನು. ಯಜಮಾನ ಬದಲಾದಾಗೆಲ್ಲ ಹೊಸ ಪಾಠ ಕಲೀಬೇಕಾದೋರೂ ಅವರೇ. ಅವರನ್ನ ಮಾತ್ರ ಯಾರೂ ಕೇಳಲ್ಲ.

ಮಾರಿ, ಬೇಡ ಅನ್ನಲ್ಲ. ಆದ್ರೆ ಬೆಲೆ ಕಟ್ಟೋ ಮೊದಲು ಅವರ ಮಾತು ಕೇಳಿ.

ನಿಮ್ಮ ಮನೇಲಿ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದೋರು ಇದ್ದಾರಾ? ಕಾಮೆಂಟಲ್ಲಿ ಬರೀರಿ.

#ಜಯನಗರ #ನಮ್ಮಬೆಂಗಳೂರು #ಮಾಡರ್ನ್‌ಬ್ರೆಡ್